ಕೆಂಪು ದಾರದ ಹೂವು

ಜೋಡಬೇವಿನಹಾಳ, ಕುಷ್ಟಗಿ ತಾಲೂಕು
೨ ಫೆಬ್ರವರಿ ೨೦೨೫

ಮಗಳು ಹುಲಿಗೆಮ್ಮಳಿಗೆ ಅವ್ವ ಬರೆಯುವ ಕಾಗದ.

ನಾನು, ನಿನ್ನ ಅಪ್ಪ, ಎಮ್ಮೆ, ಮೂವರೂ ಸುಖವಾಗಿದ್ದೇವೆ. ಕೈಯಲ್ಲಿ ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ನನ್ನ ಫೋನಿನ ಗಂಟಲು ದೊಡ್ಡದು. ಹೊಲದಲ್ಲಿ ನಿನ್ನ ಕರೆ ಬಂದರೆ ಹನ್ನೆರಡು ಮಂದಿ ಹೆಂಗಸರೂ ಸುತ್ತ ಕೂತು ಕೇಳುತ್ತಾರೆ, ಮನೆಯಲ್ಲಿ ಬಂದರೆ ನಿನ್ನ ಅಪ್ಪ ನಡುವೆ ಬಾಯಿ ಹಾಕುತ್ತಾನೆ. ಇದು ನಿನಗೊಬ್ಬಳಿಗೇ ಹೇಳುವ ವಿಷಯ. ಅಲ್ಲದೆ ನಾನು ಏಳನೇ ತರಗತಿಯವರೆಗೆ ಓದಿದವಳು. ನನ್ನ ಅಕ್ಷರವನ್ನು ಮಾಸ್ತರು ಇಡೀ ಶಾಲೆಗೆ ತೋರಿಸಿದ್ದರು. ಕಾಗದವನ್ನು ಪುಸ್ತಕದ ಭಾಷೆಯಲ್ಲಿ ಬರೆಯಬೇಕು ಎಂದು ಅವರೇ ಕಲಿಸಿದ್ದು. ಅದು ಇನ್ನೂ ಮರೆತಿಲ್ಲ ಎಂದು ನಿನಗೆ ಗೊತ್ತಾಗಲಿ.

ಈ ಸಲವೂ ಈಶಪ್ಪನವರ ಹೊಲದಲ್ಲೇ ಟೊಮೆಟೊ ಕ್ರಾಸಿಂಗ್. ನಿನ್ನ ಜೊತೆ ಓದುವವರು ನಿಮ್ಮವ್ವ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರೆ ಕೂಲಿ ಎಂದು ಹೇಳಿ ಮುಗಿಸಬೇಡ. ಹೆಣ್ಣು ಸಾಲಿನ ಮೊಗ್ಗಿನೊಳಗಿಂದ ಗಂಡು ಭಾಗವನ್ನು ಚಿಮಟದಲ್ಲಿ ಕಿತ್ತು ತೆಗೆಯುತ್ತೇವೆ, ತುದಿ ಮುರಿಯದ ಹಾಗೆ. ಗಂಡು ಸಾಲಿನ ಹೂವಿನ ಪುಡಿಯನ್ನು ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಹೆಬ್ಬೆರಳ ಉಂಗುರದ ಮೇಲಿನ ಪುಟ್ಟ ಬಟ್ಟಲಿಗೆ ತುಂಬಿಕೊಳ್ಳುತ್ತೇವೆ. ಮರುದಿನ ಒಂದೊಂದೇ ಹೂವಿನ ತುದಿಯನ್ನು ಹಿಡಿದು ಆ ಪುಡಿಯಲ್ಲಿ ಅದ್ದುತ್ತೇವೆ. ಹಾಗೆ ಕಟ್ಟಿದ ಕಾಯಿಯ ಬೀಜವೇ ಕಂಪನಿಗೆ ಹೋಗುವುದು. ನಾನು ಆ ಗುಂಪಿನ ಮೇಸ್ತ್ರಿ ಎಂದೂ ಹೇಳು.

ಈಗ ವಿಷಯಕ್ಕೆ ಬರುತ್ತೇನೆ. ಈ ಸಲ ನಾವು ಪುಡಿ ಮುಟ್ಟಿಸಿದ ಹೂವು ಕಾಯಿ ಕಟ್ಟದೆ ಉದುರುತ್ತಿವೆ. ಸಾಲಿನ ಕೆಳಗೆ ಹಳದಿ ಹಾಸಿದ ಹಾಗೆ ಬಿದ್ದಿವೆ. ನಿನ್ನೆ ಕಂಪನಿಯ ಸೂಪರ್‌ವೈಜರ್ ಬಸವಕುಮಾರ ಬಂದು, ಈಶಪ್ಪನವರ ಮುಂದೆ, ಎಲ್ಲ ಹೆಂಗಸರ ಮುಂದೆ ಅಂದ:

"ಕನಕಮ್ಮಾ, ನಿಮ್ಮ ಮಂದಿ ಕೈ ಕೆಟ್ಟಾವು. ಮುಂದಿನ ಸಲ ಗಂಗಾವತಿ ಕಡಿಂದ ಬ್ಯಾರೆ ಗುಂಪು ತರಸ್ತೀವಿ."

ನನಗೆ ಮೈ ಉರಿದು ಹೋಯಿತು. "ಸರ, ನಮ್ಮ ಮಂದ್ಯಾಗ ಯಾರ ಕೈಲಿಂದ ತಪ್ಪ ಆಗಿದ್ರೂ ಈ ಉಂಗುರ ತಗದು ನಿಮ್ಮ ಮುಂದ ಇಡ್ತೀನಿ. ಮೇಸ್ತ್ರಿ ಕೆಲಸನೂ ಬಿಡ್ತೀನಿ. ಆದ್ರ ಮದಲ ತಪ್ಪ ತೋರಸ್ರಿ," ಅಂದೆ. ನೀನು ಮೊದಲ ಸ್ಕಾಲರ್‌ಶಿಪ್‌ನಲ್ಲಿ ಹೋದ ದೀಪಾವಳಿಗೆ ಕೊಡಿಸಿದ, ಪುಡಿ ಇಡುವ ಸ್ಟೀಲ್ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡೇ ಈ ಮಾತು ಆಡಿದೆ. ಅದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮಾತು ಆಡಿ ಆಯಿತು. ಈಗ ನೀನು ಹೇಳು. ದೀಪಾವಳಿಗೆ ಬಂದಾಗ ಹೂವಿನ ಒಳಗೆ ಆಗುವುದನ್ನು ಕಾಣಿಸುವ ಮಷಿನ್ ಇದೆ ಅಂದಿದ್ದೆಯಲ್ಲ, ಅದಕ್ಕೆ ಯಾರ ಕೈ ಸರಿ, ಯಾರ ಕೈ ತಪ್ಪು ಎಂದು ಗೊತ್ತಾಗುತ್ತದೆಯೇ?

ಊಟ ಬಿಡಬೇಡ.
ನಿನ್ನ ಅವ್ವ
ಕನಕಮ್ಮ

*

ಧಾರವಾಡ
೮ ಫೆಬ್ರವರಿ ೨೦೨೫

ಅವ್ವಾ,

ನಿನ್ನ ಕಾಗದವನ್ನು ತಸ್ಲೀಮಾ ಕಿತ್ತುಕೊಂಡು ಓದಿದಳು. ನನ್ನ ಜೊತೆ ಪಿಎಚ್‌ಡಿ ಮಾಡುವ ಹುಡುಗಿ, ಕೊಪ್ಪಳದ ಭಾಗ್ಯನಗರದವಳು. "ನಿಮ್ಮವ್ವನ ಅಕ್ಷರ ನಮ್ಮ ಗೈಡ್ ಸರ್ ಅಕ್ಷರಕ್ಕಿಂತ ಛಲೋ ಅದಾವು," ಅಂದಳು. ಇದನ್ನು ಓದಿ ನೀನು ಎರಡು ದಿನ ಬೀಗುತ್ತೀಯ ಎಂದು ಗೊತ್ತಿದ್ದೇ ಬರೆದಿದ್ದೇನೆ.

ಗೊತ್ತಾಗುತ್ತದೆ, ಅವ್ವಾ. ಹೂವಿನ ತುದಿಗೆ ಪುಡಿ ಅಂಟಿದ ಮೇಲೆ ಅದು ಸುಮ್ಮನೆ ಕೂರುವುದಿಲ್ಲ. ಪ್ರತಿ ಕಣದಿಂದ ಒಂದು ನಾಳ ಹೊರಟು, ಹೂವಿನ ಕಡ್ಡಿಯೊಳಗೆ ಇಳಿಯುತ್ತಾ ಇಳಿಯುತ್ತಾ ಕೆಳಗಿನ ಎಳೆಗಾಯಿಯವರೆಗೆ ಹೋಗಬೇಕು. ಅಲ್ಲಿ ಮುಟ್ಟಿದರೆ ಬೀಜ, ಮುಟ್ಟದಿದ್ದರೆ ಹೂವು ಉದುರುತ್ತದೆ. ಈ ನಾಳ ಎಷ್ಟು ಸಣ್ಣದೆಂದರೆ ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಇಟ್ಟರೂ ಹೂವಿನ ತಿರುಳಿನೊಳಗೆ ಕಳೆದುಹೋಗುತ್ತದೆ. ಅದಕ್ಕೇ ನಾವು ಹೂವನ್ನು ಮೆತ್ತಗೆ ಮಾಡಿ ಅನಿಲಿನ್ ನೀಲಿ ಎನ್ನುವ ಬಣ್ಣದಲ್ಲಿ ನೆನೆಸುತ್ತೇವೆ. ಆ ಬಣ್ಣ ಮುಖ್ಯವಾಗಿ ನಾಳದ ಗೋಡೆಯನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ, ಬಣ್ಣ ಹಿಡಿದ ಜಾಗ ಆ ಬೆಳಕನ್ನು ನುಂಗಿ, ಕಾಣುವ ಬೆಳಕನ್ನು ಹೊರಗೆ ಬಿಡುತ್ತದೆ. ಉಳಿದದ್ದೆಲ್ಲ ಕತ್ತಲು, ನಾಳ ಮಾತ್ರ ಬೆಳಕು. ಚಿಕ್ಕಪ್ಪನ ಮದುವೆಯ ಆರ್ಕೆಸ್ಟ್ರಾದಲ್ಲಿ ನೇರಳೆ ದೀಪ ಹಾಕಿದಾಗ ಅಪ್ಪನ ಬಿಳಿ ಅಂಗಿ ಮಾತ್ರ ಹೊಳೆದಿತ್ತಲ್ಲ, ಹಾಗೆ. ಇದಕ್ಕೆ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಎನ್ನುತ್ತಾರೆ.

ಇದೇ ಮೈಕ್ರೋಸ್ಕೋಪಿನಲ್ಲಿ ತಸ್ಲೀಮಾ ಗಂಗಾವತಿಯ ಭತ್ತದ ಎಲೆಯೊಳಗೆ ಬೆಂಕಿ ರೋಗದ ಶಿಲೀಂಧ್ರ ಹೇಗೆ ನುಗ್ಗುತ್ತದೆ ಎಂದು ನೋಡುತ್ತಾಳೆ. ಅವಳ ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ಇದೇ ಉಪಾಯದಿಂದ ಕಫದಲ್ಲಿ ಕ್ಷಯದ ರೋಗಾಣು ಹುಡುಕುತ್ತಾಳೆ, ಬೇರೆ ಬಣ್ಣ, ಬೇರೆ ಬೆಳಕು. ಹುಡುಕುವುದನ್ನು ಮಾತ್ರ ಹೊಳೆಯುವಂತೆ ಮಾಡುವುದೇ ಇದರ ಗುಟ್ಟು.

ಕುಷ್ಟಗಿ ಬಸ್ಸಿನ ಕಂಡಕ್ಟರ್ ಆಂಜನೇಯಣ್ಣನ ಕೈಯಲ್ಲಿ ಸಣ್ಣ ಸೀಸೆಗಳನ್ನು ಕಳಿಸುತ್ತಿದ್ದೇನೆ. ಹೂವು ಕೆಡದ ಹಾಗೆ ಇಡುವ ನೀರು ಒಳಗಿದೆ, ಹುಳಿ ವಾಸನೆ ಹೊಡೆಯುತ್ತದೆ, ಮೂಸಬೇಡ, ಕೈಗೆ ತಾಗಿಸಬೇಡ. ಹೂವು ಮುಟ್ಟಿದ ಮರುದಿನ ಅದನ್ನು ತೊಟ್ಟಿನ ಸಮೇತ ಕತ್ತರಿಸಿ ಸೀಸೆಗೆ ಹಾಕಿ ಬಿಗಿಯಾಗಿ ಮುಚ್ಚು. ಯಾರು ಮುಟ್ಟಿದ್ದು, ಬೆಳಿಗ್ಗೆಯೋ ಬಿಸಿಲೇರಿದ ಮೇಲೋ ಎಂದು ಗುರುತು ಹಾಕು.

ಉಂಗುರ ತೆಗೆಯುವ ಮಾತನ್ನು ಅಷ್ಟು ಬೇಗ ಆಡಬಾರದಿತ್ತು. ಆದರೆ ಆಡಿದ್ದು ಕೇಳಿ ನನಗೆ ಖುಷಿಯಾಯಿತು.

ನಿನ್ನ
ಹುಲಿಗಿ

*

ಜೋಡಬೇವಿನಹಾಳ
೧೯ ಫೆಬ್ರವರಿ ೨೦೨೫

ಹುಲಿಗಿಗೆ,

ಸೀಸೆ ತುಂಬಿ ಆಂಜನೇಯನ ಕೈಗೆ ಕೊಟ್ಟಿದ್ದೇನೆ. ಇದರೊಳಗ ಏನೈತಿ ಎಂದು ಕೇಳಿದ. ನಮ್ಮ ಮರ್ಯಾದಿ ಐತಿ, ಒಡಿಬ್ಯಾಡ ಅಂದೆ. ಡ್ರೈವರ್ ಪಕ್ಕದಲ್ಲಿ ಇಟ್ಟುಕೊಂಡು ಹೋದ.

ನಾನೂ ಸೇರಿ ನಾಲ್ವರ ಹೂವು ಕಳಿಸಿದ್ದೇನೆ. ಹೆಸರು ಬರೆದಿಲ್ಲ. ಯಾಕೆ ಬರೆಯಲಿಲ್ಲ ಎಂದರೆ, ನಿನ್ನವ್ವನ ಹೂವು ಎಂದು ಗೊತ್ತಾದರೆ ನಿನ್ನ ಕಣ್ಣು ಇಲ್ಲದ್ದನ್ನೂ ಕಂಡೀತು. ಬಸವಕುಮಾರ ನಾಳೆ ಮಗಳು ಅವ್ವನ ಪರವಾಗಿ ಬರೆದಳು ಅಂದಾನು. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಕಟ್ಟಿದ್ದೇನೆ. ಕೆಂಪು, ಹಸಿರು, ಹಳದಿ, ಬಿಳಿ. ಬೆಳಗಿನ ತಂಪಿನಲ್ಲಿ ಮುಟ್ಟಿದ್ದಕ್ಕೆ ಒಂದು ಗಂಟು, ಬಿಸಿಲೇರಿದ ಮೇಲೆ ಮುಟ್ಟಿದ್ದಕ್ಕೆ ಎರಡು ಗಂಟು. ಯಾವ ದಾರ ಯಾರದು ಎಂದು ನನಗೂ ಆ ಮೂವರಿಗೂ ಮಾತ್ರ ಗೊತ್ತು. ನೀನು ಎಷ್ಟು ಪುಸಲಾಯಿಸಿದರೂ ನಾನು ಬಾಯಿ ಬಿಡುವುದಿಲ್ಲ.

ನಮ್ಮ ಗುಂಪಿನ ದುರಗಮ್ಮನದೂ ಒಂದು ಇದೆ. ಹೇಗೂ ತಪ್ಪು ಅವಳದೇ ಇರುತ್ತದೆ ಎಂದು ನನಗೆ ಅನುಮಾನ. ನಿನಗೆ ಗೊತ್ತಲ್ಲ, ಅವಳ ಬಾಯಿಯಲ್ಲಿ ಎಲೆ ಅಡಿಕೆ ಯಾವಾಗಲೂ ಇರಬೇಕು. ವೀಳ್ಯದೆಲೆ ಬಾಡಬಾರದು ಎಂದು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಅದರ ನಡುವೆಯೇ ತನ್ನ ಪುಡಿಯ ಗಾಜಿನ ಸೀಸೆಯನ್ನೂ ತುರುಕಿಕೊಳ್ಳುತ್ತಾಳೆ. ಬೆಳಿಗ್ಗೆ ಎಲ್ಲರೂ ಹೊಲದ ಶೆಡ್ಡಿನಲ್ಲೇ ಹೊಸ ಪುಡಿ ತುಂಬಿಕೊಂಡು ಹೊರಡುತ್ತೇವೆ. ಬಿಸಿಲೇರಿ ಉಂಗುರ ಖಾಲಿಯಾದಾಗ ಉಳಿದವರೆಲ್ಲ ನನ್ನ ಹತ್ತಿರ ಬಂದು ಡಬ್ಬಿಯಿಂದ ಪುಡಿ ತುಂಬಿಸಿಕೊಳ್ಳುತ್ತಾರೆ. ಇವಳು ಬರುವುದಿಲ್ಲ. "ನಿನ್ನ ಬೆಳ್ಳಿ ಡಬ್ಬಿ ನಿನಗ ಇರ್ಲಿ ಕನಕವ್ವ, ನನಗ ನನ್ನ ಹಳೇ ಸೀಸಾನ ಸಾಕು," ಅನ್ನುತ್ತಾಳೆ. ಹೊಟ್ಟೆಕಿಚ್ಚು, ಮತ್ತೇನಿಲ್ಲ.

ಬೇಗ ನೋಡಿ ಬರೆ. ಹೂವು ಇನ್ನೂ ಉದುರುತ್ತಿವೆ. ಈಶಪ್ಪನವರು ಏನೂ ಅನ್ನುವುದಿಲ್ಲ, ದಿನಾ ಸಾಲಿನ ಕೆಳಗೆ ನೋಡಿ ಸುಮ್ಮನೆ ಹೋಗುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಅವ್ವ
ಕನಕಮ್ಮ

*

ಧಾರವಾಡ
೪ ಮಾರ್ಚ್ ೨೦೨೫

ಅವ್ವಾ,

ನೋಡಿದೆ. ಮೊದಲು ಸಂತೋಷದ ಸುದ್ದಿ. ನಿಮ್ಮ ಯಾರ ಕೈಯೂ ಕೆಟ್ಟಿಲ್ಲ.

ನಮ್ಮ ಮೈಕ್ರೋಸ್ಕೋಪಿನ ಕೋಣೆಗೆ ಕಪ್ಪು ಪರದೆ. ಹೊರಗೆ ಮಧ್ಯಾಹ್ನದ ಬಿಸಿಲು ಇದ್ದರೂ ಒಳಗೆ ಕಗ್ಗತ್ತಲು. ಒಂದು ಗಂಟಿನ ಹೂವನ್ನು ಇಟ್ಟು ಬೆಳಕು ಬಿಟ್ಟೆ. ಅವ್ವಾ, ನಾನು ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಆದರೂ ಇದು ನಮ್ಮೂರ ಹೊಲದ ಹೂವು ಎಂದು ಗೊತ್ತಿದ್ದು ನೋಡಿದ್ದು ಇದೇ ಮೊದಲು. ತುದಿಯಲ್ಲಿ ಕಣಗಳು ಒತ್ತೊತ್ತಾಗಿ ಕೂತಿವೆ. ಅಲ್ಲಿಂದ ತಿಳಿ ನೀಲಿ ಹಸಿರಿನ ಎಳೆಗಳು ನೂರಾರು, ಒಂದರ ಪಕ್ಕ ಒಂದು, ಕೆಳಗೆ ಇಳಿದಿವೆ. ನಾಲ್ಕು ದಾರದವರದೂ ಹಾಗೆಯೇ ಇತ್ತು. ಯಾರ ಚಿಮಟವೂ ತುದಿಯನ್ನು ಗಾಯ ಮಾಡಿಲ್ಲ, ಯಾರೂ ಪುಡಿ ಕಡಿಮೆ ಮುಟ್ಟಿಸಿಲ್ಲ. ಬಸವಕುಮಾರ ಅವರಿಗೆ ಇದನ್ನು ಹೇಳು.

ಎರಡು ಗಂಟಿನವುಗಳಲ್ಲಿ ಕಥೆ ಬೇರೆ. ಕೆಂಪು, ಹಳದಿ, ಬಿಳಿ, ಈ ಮೂರರಲ್ಲೂ ತುದಿಯ ಮೇಲೆ ಕಣಗಳಿವೆ, ನಾಳಗಳಿಲ್ಲ. ಅಲ್ಲೊಂದು ಇಲ್ಲೊಂದು ಮೊಳಕೆಯಷ್ಟು ಹೊರಟು ನಿಂತುಬಿಟ್ಟಿದೆ. ಕಡ್ಡಿಯ ಉದ್ದಕ್ಕೂ ಕತ್ತಲು. ಬಿಸಿಲಿಗೆ ಹೂವೇ ಸೋತಿರಬೇಕು ಎಂದುಕೊಂಡೆ. ಆದರೆ ಹಸಿರು ದಾರದ ಎರಡು ಗಂಟಿನ ಹೂವನ್ನು ಇಟ್ಟರೆ ಬೆಳಗಿನಷ್ಟೇ ಬೆಳಕು, ಎಳೆಗಾಯಿಯವರೆಗೂ. ಅದೇ ಹೊಲ, ಅದೇ ಹೊತ್ತು, ಅದೇ ಬಿಸಿಲು.

ಹಸಿರು ದಾರ ನಿನ್ನದು. ನೀನು ಹೇಳದಿದ್ದರೂ ನನಗೆ ಗೊತ್ತು, ಬೇಕಾದರೆ ಪಣ ಕಟ್ಟು. ಅಷ್ಟು ವರ್ಷದ ಕೈ ಬಿಸಿಲಿಗೆ ಸೋಲುತ್ತದೆಯೇ? ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ, ಕೆಳಗೆ "ನಮ್ಮವ್ವನ ಕೈ" ಎಂದು ಬರೆದಿದ್ದೇನೆ. ಗೈಡ್ ಸರ್ ನಿಂತು ನೋಡಿದರು. ಬಂದವರಿಗೆಲ್ಲ ತಸ್ಲೀಮಾ ತಾನೇ ವಿವರಿಸುತ್ತಾಳೆ. ನಾನು ಕೂಲಿಯವಳ ಮಗಳು ಎಂದು ಇಲ್ಲಿ ಯಾರೂ ಅಂದಿಲ್ಲ, ಆದರೆ ನಾನೇ ಎಷ್ಟೋ ಸಲ ಒಳಗೊಳಗೆ ಅಂದುಕೊಂಡಿದ್ದೇನೆ. ಈಗ ಅಂದುಕೊಳ್ಳುವುದಿಲ್ಲ.

ಬಿಸಿಲೇರಿದ ಮೇಲೆ ನೀನು ಏನು ಬೇರೆ ಮಾಡುತ್ತೀಯೋ ಅದನ್ನು ಉಳಿದವರಿಗೂ ಕಲಿಸು, ಅಷ್ಟೇ. ನನಗೂ ಬರೆ. ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಹೆಮ್ಮೆಯಿಂದ,
ನಿನ್ನ ಹುಲಿಗಿ

*

ಜೋಡಬೇವಿನಹಾಳ
೯ ಮಾರ್ಚ್ ೨೦೨೫

ಹುಲಿಗಿಗೆ,

ಹಸಿರು ದಾರ ದುರಗಮ್ಮನದು. ನನ್ನದು ಕೆಂಪು.

ಗೋಡೆಯ ಮೇಲಿನ ಚಿತ್ರ ತೆಗೆ.

ಕಾರಣ ತಿಳಿಯುವವರೆಗೆ ನಾನು ಯಾರಿಗೂ ಪುಡಿ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಉಂಗುರ ಖಾಲಿಯಾದವರು ಶೆಡ್ಡಿಗೆ ಹೋಗಿ ನೆರಳಿನಲ್ಲಿಟ್ಟ ಪುಡಿ ತುಂಬಿಕೊಂಡು ಬರುತ್ತಿದ್ದಾರೆ. ಕೆಲಸ ತಡವಾಗುತ್ತದೆ, ಆಗಲಿ.

ನಿನ್ನ ಅಪ್ಪ ಕೇಳುತ್ತಿದ್ದಾನೆ, ಮಗಳು ಏನು ಬರೆದಿದ್ದಾಳೆ ಎಂದು. ಆರಾಮ ಇದ್ದಾಳೆ ಅಂದೆ.

ಕನಕಮ್ಮ

*

ಧಾರವಾಡ
೧೭ ಮಾರ್ಚ್ ೨೦೨೫

ಅವ್ವಾ,

ನಿನ್ನ ಕಾಗದ ಬಂದ ದಿನ ನಾನು ಲ್ಯಾಬಿಗೆ ಹೋಗಲಿಲ್ಲ. ಮರುದಿನ ಹೋದೆ. ತಸ್ಲೀಮಾ ನನ್ನ ಮುಖ ನೋಡಿ ಚಹಾ ತಂದಿಟ್ಟಳು.

ನೀನು ಬರೆದದ್ದು ಸ್ವಲ್ಪ, ಆದರೆ ಫೆಬ್ರವರಿಯ ಕಾಗದವನ್ನು ಮತ್ತೆ ತೆಗೆದು ಓದಿದೆ. ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲೇ ಹೊಸ ಪುಡಿ ತುಂಬಿಕೊಳ್ಳುತ್ತೀರಿ. ಬಿಸಿಲೇರಿದ ಮೇಲೆ ಎಲ್ಲರೂ ನಿನ್ನ ಡಬ್ಬಿಯಿಂದ, ದುರಗಮ್ಮ ಮಾತ್ರ ತನ್ನ ಸೀಸೆಯಿಂದ. ಹೂವಿನ ತಪ್ಪಲ್ಲ, ಕೈಯ ತಪ್ಪಲ್ಲ. ಉಳಿದದ್ದು ಡಬ್ಬಿ.

ಆ ಡಬ್ಬಿ ಕೊಂಡಾಗ ನಾನು ಎರಡು ಕೊಂಡಿದ್ದೆ. ಇನ್ನೊಂದು ನನ್ನ ಮೇಜಿನ ಮೇಲೆ ಪಿನ್ನು ಹಾಕಲು ಇದೆ. ಪಿನ್ನು ತೆಗೆದು ತೊಳೆದು ಒಣಗಿಸಿ, ನಮ್ಮ ಗ್ರೀನ್‌ಹೌಸಿನ ಟೊಮೆಟೊ ಹೂವಿನ ಪುಡಿ ತುಂಬಿ, ಹಗ್ಗ ಕಟ್ಟಿ ಬಿಸಿಲಲ್ಲಿ ತೂಗುಹಾಕಿದೆ. ಆಗಾಗ ಹೋಗಿ ಮುಚ್ಚಳ ತೆಗೆದು ಮುಚ್ಚಿದೆ, ನೀನು ಮಾಡುವ ಹಾಗೆ. ಅದೇ ಪುಡಿಯನ್ನು ಒಂದು ಗಾಜಿನ ಸೀಸೆಗೆ ತುಂಬಿ ಒದ್ದೆ ಬಟ್ಟೆ ಸುತ್ತಿ ಅದರ ಪಕ್ಕಕ್ಕೇ ತೂಗುಹಾಕಿದೆ. ಮಧ್ಯಾಹ್ನ ಎರಡನ್ನೂ ಒಳಗೆ ತಂದೆ. ಡಬ್ಬಿಯನ್ನು ಮುಟ್ಟಿದರೆ ಕೈ ಸುಟ್ಟಿತು. ಸೀಸೆ ತಣ್ಣಗಿತ್ತು.

ಜೀವವಿದೆಯೋ ಇಲ್ಲವೋ ನೋಡಲು ಬೇರೊಂದು ಬಣ್ಣವಿದೆ. ಅದನ್ನು ಹಾಕುವಾಗ ಅದಕ್ಕೆ ಹೊಳಪು ಇರುವುದಿಲ್ಲ. ಕಣದೊಳಗೆ ಹೋದ ಮೇಲೆ, ಕಣ ಬದುಕಿದ್ದರೆ, ಅದೇ ಆ ಬಣ್ಣವನ್ನು ಒಡೆದು ಹಸಿರು ಬೆಳಕು ಮಾಡಿಕೊಂಡು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸತ್ತ ಕಣಕ್ಕೆ ಆ ಕೆಲಸ ಮಾಡಲು ಆಗುವುದಿಲ್ಲ. ಸೀಸೆಯ ಪುಡಿಯನ್ನು ಇಟ್ಟೆ, ಗಾಜಿನ ತುಂಬ ಹಸಿರು ಚುಕ್ಕಿ. ಡಬ್ಬಿಯ ಪುಡಿಯನ್ನು ಇಟ್ಟೆ. ದೀಪ ಹತ್ತಿಲ್ಲವೇನೋ ಎಂದು ತಸ್ಲೀಮಾ ಸ್ವಿಚ್ ನೋಡಿದಳು. ದೀಪ ಹತ್ತಿತ್ತು.

ಆ ಡಬ್ಬಿ ಕೊಟ್ಟವಳು ನಾನು. ಹಳೇ ಸೀಸೆ ಹಿಡಿದುಕೊಂಡು ನಮ್ಮವ್ವ ಮೇಸ್ತ್ರಿ ಕೆಲಸ ಮಾಡಬಾರದು ಎಂದು ಕುಷ್ಟಗಿ ಪೇಟೆಯಲ್ಲಿ ಹುಡುಕಿ ತಂದದ್ದು. ಬೀಜ ವಿಜ್ಞಾನ ಓದುವವಳಿಗೆ ಪುಡಿ ಬಿಸಿ ತಾಳುವುದಿಲ್ಲ ಎಂದು ಹೊಳೆಯಲಿಲ್ಲ.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಬಸವಕುಮಾರ ಅವರಿಗೆ ಬಿಸಿಲಿನಿಂದ ಹೀಗಾಯಿತು ಎಂದಷ್ಟೇ ಹೇಳು. ಅದು ಸುಳ್ಳೂ ಅಲ್ಲ. ಡಬ್ಬಿಯ ಹೆಸರು ಎತ್ತಬೇಡ. ನೀನು ಉಂಗುರ ತೆಗೆಯುವುದನ್ನು ನಾನು ನೆನೆಸಿಕೊಳ್ಳಲಾರೆ.

ಹುಲಿಗಿ

*

ಜೋಡಬೇವಿನಹಾಳ
೩೧ ಮಾರ್ಚ್ ೨೦೨೫

ಮಗಳು ಹುಲಿಗೆಮ್ಮಳಿಗೆ,

ನಿನ್ನೆ ಯುಗಾದಿ. ನಿನ್ನ ಪಾಲಿನ ಬೇವು ಬೆಲ್ಲವನ್ನು ನಿನ್ನ ಅಪ್ಪ ತಿಂದ. ಬೇವು ಕಡಿಮೆ, ಬೆಲ್ಲ ಹೆಚ್ಚು.

ನೀನು ಹೇಳಿದ ಹಾಗೆ ಹೇಳಬಹುದಿತ್ತು. ನಾನು ಬಾಯಿ ಬಿಡುವ ಮೊದಲೇ ಬಸವಕುಮಾರ ಅದನ್ನೇ ಹೇಳಿಕೊಟ್ಟ. ಹೋದ ವಾರ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ ನಿನ್ನ ಫೋಟೋ ಹಂಚಿದೆ. ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ನೋಡಿದರು. ಬೆಳಗಿನ ಹೂವಿನ ಫೋಟೋ ನೋಡಿ ಬಸವಕುಮಾರನ ಮುಖ ಸಣ್ಣದಾಯಿತು. "ಕೈ ಛಲೋ ಅದಾವು ಬಿಡ್ರಿ, ನಾ ಅಂದಿದ್ದು ತಪ್ಪಾತು. ಬಿಸಲಿಂದ ಆಗೇತಿ ಅಂತ ಮ್ಯಾಲ ಬರದು ಕಳಸ್ತೀನಿ. ಇಲ್ಲಿಗಿ ಮುಗಿತು," ಅಂದ. ಈಶಪ್ಪನವರೂ ತಲೆ ಅಲ್ಲಾಡಿಸಿದರು. ಎಲ್ಲರೂ ಏಳಲು ನೋಡಿದರು.

ಒಂದು ಗಳಿಗೆ ನಾನೂ ಏಳಲು ನೋಡಿದೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ.

ಆಮೇಲೆ ಅಂದೆ, "ಬಿಸಲು ದುರಗವ್ವನ ಮ್ಯಾಲೂ ಬಿದ್ದಿತ್ತಲ್ಲರಿ ಸರ."

ಸೊಂಟದಿಂದ ಡಬ್ಬಿ ಬಿಚ್ಚಿ ಎಲ್ಲರ ನಡುವೆ ಇಟ್ಟೆ. "ಪುಡಿ ಸತ್ತಿದ್ದು ಇದರಾಗ. ಇದನ್ನ ಬಿಸಲಾಗ ಕಟಗೊಂಡು ತಿರಗ್ಯಾಡಿದಾಕಿ ನಾನು. ನೆರಳಾಗ ಇಡಬೇಕಾಗಿತ್ತು. ಹೊಳಿತೈತಿ, ನಾಕ ಮಂದಿ ನೋಡ್ಲಿ ಅಂತ ಕಟಗೊಂಡೆ. ಇವರೆಲ್ಲಾ ನನ್ನ ನಂಬಿ ಇದರಾಗಿಂದ ತುಂಬಿಸ್ಕೊಂಡ್ರು," ಅಂದೆ. ಹೆಬ್ಬೆರಳಿಂದ ಉಂಗುರ ತೆಗೆಯಲು ಹೋದರೆ ಬರಲಿಲ್ಲ, ಅಷ್ಟು ಕಚ್ಚಿಕೊಂಡಿತ್ತು. ಎಂಜಲು ಹಚ್ಚಿ ತೆಗೆದೆ. ಬಸವಕುಮಾರನ ಮುಂದೆ ಇಡುತ್ತೇನೆ ಎಂದಿದ್ದೆ, ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಹುಡುಗ ಒಳ್ಳೆಯವನೇ. ಆಗ ನಾನೇ ಎತ್ತಿ ದುರಗಮ್ಮನ ಕೈಯಲ್ಲಿ ಇಟ್ಟೆ.

ದುರಗಮ್ಮ ಬಾಯಲ್ಲಿನ ಎಲೆ ಉಗುಳಿ ಬಂದು, "ಇದೇನ ಕನಕವ್ವ, ನಾ ಎಲಿ ಬಾಡಬಾರ್ದು ಅಂತ ಒದ್ದಿ ಮಾಡ್ತಿದ್ದೆ, ಪುಡಿ ಸಲುವಾಗಿ ಅಲ್ಲ," ಅಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ಅದರ ಜೊತೆ ಅಳುವೂ ಬಂತು. ನಗುವನ್ನು ಮಾತ್ರ ತೋರಿಸಿದೆ.

ಈಗ ಅವಳೇ ಮೇಸ್ತ್ರಿ. ನಾನು ಗುಂಪಿನ ಹಳೆಯ ಉಂಗುರವೊಂದನ್ನು ಹಾಕಿಕೊಂಡು ಅವಳ ಕೈಕೆಳಗೆ ಸಾಲು ಹಿಡಿಯುತ್ತೇನೆ. ಎಲ್ಲರ ಸೊಂಟದಲ್ಲೂ ಒದ್ದೆ ಬಟ್ಟೆಯ ಸೀಸೆ. ಹತ್ತು ದಿನದಿಂದ ಹೂವು ಉದುರುವುದು ನಿಂತಿದೆ, ಸಾಲು ಸಾಲಿಗೆ ಬಟಾಣಿಯಷ್ಟು ಕಾಯಿ ಕೂತಿವೆ. ಈಶಪ್ಪನವರು ನಿನ್ನೆ ಸಾಲಿನ ಕೆಳಗೆ ನೋಡಲಿಲ್ಲ, ಸಾಲಿನ ಮೇಲೆ ನೋಡಿದರು. ಗಂಗಾವತಿಯ ಗುಂಪಿನ ಮಾತು ಯಾರೂ ಎತ್ತುತ್ತಿಲ್ಲ.

ಇನ್ನು ನಿನಗೆ ಬೈಗುಳ. ಅರ್ಧ ಹೇಳು ಎಂದು ಬರೆದೆಯಲ್ಲ, ಅಂಥದ್ದನ್ನು ಇನ್ನೊಮ್ಮೆ ಬರೆಯಬೇಡ. ಯಾರೂ ಕಾಣದ್ದನ್ನು ಕಾಣಿಸುವ ಮಷಿನ್ ಮುಂದೆ ನಿನ್ನನ್ನು ಕೂರಿಸಿರುವುದು ಕಂಡದ್ದನ್ನು ಮುಚ್ಚಲಿಕ್ಕಲ್ಲ. ಆದರೆ ನೀನು ಮುಚ್ಚಲಿಲ್ಲ. ಡಬ್ಬಿ ನಿನ್ನದೇ ಎಂದು ಗೊತ್ತಿದ್ದೂ ಅದನ್ನು ಬಿಸಿಲಲ್ಲಿ ತೂಗುಹಾಕಿ ನೋಡಿದೆ, ನೋಡಿದ್ದನ್ನು ನನಗೆ ಬರೆದೆ. ಅಷ್ಟು ಓದಿದಾಗ ನನಗೆ ಎದೆ ಉಬ್ಬಿತು. ಬೇವಿನ ಮರದ ಕೆಳಗೆ ನನ್ನನ್ನು ಮತ್ತೆ ಕೂರಿಸಿದ್ದು ಅದೇ.

ಡಬ್ಬಿಯನ್ನು ಎಸೆದಿಲ್ಲ. ಸಾಸಿವೆ ಹಾಕಿಟ್ಟಿದ್ದೇನೆ.

ನಿನ್ನ ಅವ್ವ
ಕನಕಮ್ಮ

*

ಧಾರವಾಡ
೨೦ ಜೂನ್ ೨೦೨೫

ಅವ್ವಾ,

ನಿನ್ನ ಯುಗಾದಿಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಎಷ್ಟು ಸಲ ಕೂತರೂ ಮೊದಲ ಸಾಲು ಬರಲಿಲ್ಲ. ಫೋನಿನಲ್ಲಿ ಮಳೆ, ಎಮ್ಮೆ, ಅಪ್ಪನ ಮೊಣಕಾಲು ಎಂದು ಮಾತಾಡಿದೆವು, ನೀನೂ ಕೇಳಲಿಲ್ಲ.

ನಿನ್ನೆ ನಮ್ಮ ವಿಭಾಗದಲ್ಲಿ ಈ ಕೆಲಸದ ಬಗ್ಗೆ ಮಾತಾಡಿದೆ. ಡಬ್ಬಿ, ಸೀಸೆ, ದಾರ, ಗಂಟು, ಎಲ್ಲ ಹೇಳಿದೆ. ಡಬ್ಬಿ ಕೊಟ್ಟವಳು ನಾನೇ ಎಂದೂ ಹೇಳಿದೆ. ಹೆಸರು ಮುಚ್ಚಿ ದಾರ ಕಟ್ಟುವ ಉಪಾಯ ಯಾರದು ಎಂದು ಒಬ್ಬ ಪ್ರೊಫೆಸರ್ ಕೇಳಿದರು. ನಮ್ಮವ್ವನದು ಅಂದೆ. ಪರೀಕ್ಷೆ ಮಾಡುವವರಿಗೆ ಯಾವುದು ಯಾರದೆಂದು ತಿಳಿಯಬಾರದು ಎನ್ನುವುದನ್ನು ನಾವು ಇಲ್ಲಿ ಎರಡು ವರ್ಷ ಕಲಿಯುತ್ತೇವೆ, ನಮ್ಮವ್ವ ಬಸವಕುಮಾರನ ಮೇಲಿನ ಸಿಟ್ಟಿಗೆ ಮಾಡಿದಳು ಅಂದೆ. ಎಲ್ಲರೂ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು.

ಇದು ನನ್ನ ಪ್ರಬಂಧದ ಒಂದು ಅಧ್ಯಾಯವಾಗುತ್ತದೆ. ಎರಡು ಚಿತ್ರ ಹಾಕುತ್ತೇನೆ, ಎರಡೂ ಬಿಸಿಲೇರಿದ ಮೇಲಿನವು. ಒಂದು ಹಸಿರು ದಾರದ್ದು, ಒಂದು ಕೆಂಪು ದಾರದ್ದು. ಹೂವು ಮುಟ್ಟಿದವರ ಹೆಸರನ್ನು ಕೆಳಗೆ ಹಾಕಬೇಕೆಂದು ನನ್ನ ಆಸೆ, ಅವರು ಒಪ್ಪಿದರೆ ಮಾತ್ರ. ದುರಗಮ್ಮನನ್ನು ಕೇಳು. ನಿನ್ನ ಹೆಸರು ಬೇಡವೆಂದರೆ ಕೆಂಪು ದಾರ ಎಂದಷ್ಟೇ ಹಾಕುತ್ತೇನೆ. ಆ ಚಿತ್ರ ಕತ್ತಲಿನದು, ನನಗೆ ಅರ್ಥವಾಗುತ್ತದೆ.

ಅದಕ್ಕೂ ಮೊದಲು ನೀನೂ ದುರಗಮ್ಮನೂ ಒಮ್ಮೆ ಬನ್ನಿ. ಕಣ್ಣಾರೆ ನೋಡಿ.

ನಿನ್ನ
ಹುಲಿಗಿ

*

ಜೋಡಬೇವಿನಹಾಳ
೩ ಆಗಸ್ಟ್ ೨೦೨೫

ಮಗಳು ಹುಲಿಗೆಮ್ಮಳಿಗೆ,

ಧಾರವಾಡದಿಂದ ಸುಖವಾಗಿ ಊರು ಮುಟ್ಟಿದೆವು. ಗದಗ ದಾಟುವವರೆಗೆ ದುರಗಮ್ಮ ಬಸ್ಸಿನವರಿಗೆಲ್ಲ ತಾನು ಕಂಡದ್ದನ್ನು ಹೇಳಿದಳು. ಯಲಬುರ್ಗಾದಲ್ಲಿ ಬಸ್ಸು ಬದಲಿಸಿದ ಮೇಲೆ ಹೊಸ ಮಂದಿಗೆ ಮತ್ತೆ ಮೊದಲಿನಿಂದ ಹೇಳಿದಳು. ನಿಮ್ಮ ಕಪ್ಪು ಕೋಣೆಯಲ್ಲಿ ಎಲೆ ಹಾಕಿಕೊಳ್ಳಲು ಬಿಡಲಿಲ್ಲ ಎನ್ನುವುದೊಂದೇ ಅವಳ ದೂರು.

ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನಾನು ಏನೂ ಮಾತಾಡಲಿಲ್ಲ ಎಂದು ನಿನಗೆ ಬೇಸರವಾಯಿತು, ನನಗೆ ಗೊತ್ತಾಯಿತು. ಈಗ ಹೇಳುತ್ತೇನೆ. ಹಿಂದಿನ ದಿನ ನಿಮ್ಮ ಗ್ರೀನ್‌ಹೌಸಿನಲ್ಲಿ ದುರಗಮ್ಮ ತನ್ನ ಬೆರಳಿನ ಉಂಗುರ ತೆಗೆದು ನನಗೆ ಹಾಕಿ, ತನ್ನ ಸೀಸೆಯಿಂದ ಪುಡಿ ತುಂಬಿ, "ನೀ ಮುಟ್ಟು" ಅಂದಳಲ್ಲ. ಆ ಹೂವನ್ನೇ ನೀನು ಮರುದಿನ ತೋರಿಸಿದ್ದು. ಇಷ್ಟು ವರ್ಷ ಎಷ್ಟು ಹೂವಿಗೆ ಪುಡಿ ಮುಟ್ಟಿಸಿದ್ದೇನೋ ಲೆಕ್ಕವಿಲ್ಲ. ಮುಟ್ಟಿಸಿ ಮುಂದಿನ ಹೂವಿಗೆ ಹೋಗುವುದೇ ಕೆಲಸ. ನಾನು ಹೋದ ಮೇಲೆ ಅದರೊಳಗೆ ಏನಾಗುತ್ತದೆ ಎಂದು ತಿರುಗಿ ನೋಡಿದವಳಲ್ಲ. ಅಲ್ಲಿ ನೋಡಿದೆ. ಆ ಬೆಳಕಿನ ಎಳೆಗಳು ನಾನು ಬಿಟ್ಟು ಬಂದ ಜಾಗದಿಂದ ಹೊರಟು, ನಾನಿಲ್ಲದಾಗಲೂ ನಡೆದು ನಡೆದು, ಮುಟ್ಟಬೇಕಾದಲ್ಲಿ ಮುಟ್ಟಿದ್ದವು. ನಿನ್ನನ್ನು ಧಾರವಾಡದ ಬಸ್ಸು ಹತ್ತಿಸಿ ಬಂದ ದಿನ ನೆನಪಾಯಿತು. ಅದಕ್ಕೆ ಮಾತು ಬರಲಿಲ್ಲ.

ಈಶಪ್ಪನವರು ಈ ಸಲ ಮೆಣಸಿನಕಾಯಿ ಕ್ರಾಸಿಂಗ್ ಹಿಡಿದಿದ್ದಾರೆ. ನಮ್ಮ ಗುಂಪೇ. ನಿನ್ನೆ ದುರಗಮ್ಮ ಎಲ್ಲರ ಮುಂದೆ ಉಂಗುರ ತಂದು ನನ್ನ ಮಡಿಲಿಗೆ ಹಾಕಿ, "ಮಂದೀನ ಬೈದು ಕೆಲಸ ತಗಿಯೋದು ನನ್ನಿಂದ ಆಗಂಗಿಲ್ಲ. ಮೇಸ್ತ್ರಿ ಕೆಲಸ ನಿಂದು, ಸೀಸಾ ನಂದು," ಅಂದಳು. ನಾನು ಬೇಡ ಅನ್ನಲಿಲ್ಲ. ಬೇಡ ಅನ್ನುವವಳು ನಾನಲ್ಲ ಎಂದು ನಿನಗೂ ಗೊತ್ತು. ಪುಡಿ ಮಾತ್ರ ಇನ್ನು ಮೇಲೆ ಅವಳೇ ಹಂಚುತ್ತಾಳೆ.

ಹೆಸರಿನ ವಿಷಯ ನೀನು ಕೇಳಿದ್ದೆ. ದುರಗಮ್ಮ ಒಪ್ಪಿದ್ದಾಳೆ, ತನ್ನ ಹೆಸರಿನ ಜೊತೆ ಗಂಡನ ಹೆಸರು ಬೇಡ, ತವರಿನ ಹೆಸರು ಹಾಕಬೇಕಂತೆ. ಹೊಳೆಯುವ ಚಿತ್ರದ ಕೆಳಗೆ ಹಾಗೆಯೇ ಹಾಕು.

ಕತ್ತಲಿನ ಚಿತ್ರದ ಕೆಳಗೆ ಕೆಂಪು ದಾರ ಎಂದು ಹಾಕಿ ನನ್ನನ್ನು ಬಚ್ಚಿಡಬೇಡ. ಕನಕಮ್ಮ, ಜೋಡಬೇವಿನಹಾಳ, ಎಂದು ತುಂಬು ಹೆಸರು ಬರೆ. ಪುಸ್ತಕದ ಮೊದಲ ಹಾಳೆಯಲ್ಲಿ ನಿನ್ನ ಹೆಸರಿನ ಕೆಳಗೆ ತಾಯಿ ಕನಕಮ್ಮ ಎಂದೂ ಬರೆ. ಓದಿದವರು ಎರಡನ್ನೂ ಕೂಡಿಸಿ ನೋಡಲಿ. ಆ ಕತ್ತಲನ್ನು ಕಂಡುಹಿಡಿದು, ಅದು ತನ್ನ ಮನೆಯದೇ ಎಂದು ಗೊತ್ತಿದ್ದೂ ಹೇಳಿದವಳು ಯಾರ ಮಗಳು ಎಂದು ಅವರಿಗೆ ತಿಳಿಯಬೇಕು.

ನಿನ್ನ ಅವ್ವ
ಕನಕಮ್ಮ, ಮೇಸ್ತ್ರಿ